ಒಡೆದ ತಟ್ಟೆಯ ಬೆಲೆ ಯಾರು ಕೊಡಬೇಕು?

ಕಳೆದ ತಿಂಗಳ ಎರಡನೇ ಜುಮಾದ ಖುತ್ಬಾದ ಸಾರಾಂಶವನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಮಿಂಬರಿನ ಮೇಲೆ ಹದಿನೈದು ನಿಮಿಷದಲ್ಲಿ ಹೇಳಲು ಆದದ್ದು ಸ್ವಲ್ಪ. ಹೇಳದೆ ಉಳಿದ ಇತಿಹಾಸವೇ ಹೆಚ್ಚು. ಅದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ವಿಷಯ ಶುರುವಾದದ್ದು ಒಂದು ವಲೀಮದಿಂದ. ನಮ್ಮ ಮೊಹಲ್ಲಾದ ಒಬ್ಬ ಹಿರಿಯರು ಮಗನ ನಿಕಾಹ್‌ಗೆ ತಿಂಗಳಿರುವಾಗ ಮಗ್ರಿಬ್ ನಮಾಝ್ ಮುಗಿಸಿ ನಮ್ಮ ಬಳಿ ಬಂದು ಕುಳಿತರು. "ಹಝ್ರತ್, ವಲೀಮದ ದಿನ ಹಳೇ ಕಾಲದ ಚೀನಿ ರಕಾಬಿಗಳಲ್ಲಿ ಊಟ ಬಡಿಸಬೇಕು ಅಂತ ಮಕ್ಕಳ ಆಸೆ. ಬೆಂಗಳೂರಿನಿಂದ ಬಾಡಿಗೆಗೆ ಬರ್ತವಂತೆ. ಒಂದೊಂದು ತಟ್ಟೆಗೆ ಇಷ್ಟು ಅಂತ ಲೆಕ್ಕ. ಇದು ಜಾಇಝಾ?" ಎಂದರು. ಪಾತ್ರೆಗಳನ್ನು ಬಾಡಿಗೆಗೆ ಪಡೆಯುವುದರಲ್ಲಿ ದೋಷವಿಲ್ಲ, ಚಿನ್ನ ಬೆಳ್ಳಿಯ ಪಾತ್ರೆ ಮಾತ್ರ ಬೇಡ, ಸಾಲ ಮಾಡಿ ತರಬೇಡಿ ಎಂದೆವು. ಅಂಚಿನಲ್ಲಿ ಚಿನ್ನದ ಗೆರೆ ಇದೆಯಲ್ಲ ಎಂದು ಕೇಳಿದರು. ಕೆರೆದರೂ ಬೇರ್ಪಡದ ಬರೀ ಲೇಪವಾದರೆ ನಮ್ಮ ಹನಫೀ ವಿದ್ವಾಂಸರು ಅಡ್ಡಿ ಹೇಳಿಲ್ಲ ಎಂದು ಉತ್ತರಿಸಿದೆವು. ಸಮಾಧಾನದಿಂದ ಹೋದರು. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ವಲೀಮದ ದಿನ ಶಾದಿಮಹಲ್‌ಗೆ ಹೋದಾಗ ಆ ತಟ್ಟೆಗಳನ್ನು ನೋಡಿದೆವು. ಸುಳ್ಳು ಹೇಳಬಾರದು, ಬಹಳ ಚೆನ್ನಾಗಿದ್ದವು. ನೀಲಿ ಹೂ ಬಳ್ಳಿ, ಸವೆದ ಅಂಚು, ಒಂದರಂತೆ ಇನ್ನೊಂದಿಲ್ಲ. ಮುಖ್ಯ ಅತಿಥಿಗಳ ಸಾಲಿಗೆ ಮಾತ್ರ ಅವು. ಉಳಿದವರಿಗೆ ಎಂದಿನ ಸ್ಟೀಲ್ ತಟ್ಟೆ. ನಮಗೂ ಚೀನಿ ತಟ್ಟೆಯೇ ಬಂತು. ಊಟದ ನಡುವೆ, ತಟ್ಟೆಗಳನ್ನು ಎತ್ತಿಕೊಂಡು ಹೋಗುತ್ತಿದ್ದ ಹದಿನೇಳು ಹದಿನೆಂಟರ ಒಬ್ಬ ಹುಡುಗನ ಕೈಯಿಂದ ಎರಡು ತಟ್ಟೆ ಜಾರಿ ಬಿದ್ದು ಒಡೆದವು. ನೆಲ ಒದ್ದೆಯಾಗಿತ್ತು. ಪಾತ್ರೆಗಳ ಜೊತೆ ಬಂದಿದ್ದ ಮನುಷ್ಯ ಓಡಿಬಂದು ಚೂರುಗಳನ್ನು ಎಣಿಸಿದ. ಅಡುಗೆಯ ಗುತ್ತಿಗೆದಾರ ಎಲ್ಲರೆದುರೇ ಹುಡುಗನಿಗೆ, "ನಿನ್ನ ಕೂಲಿಯಲ್ಲಿ ಮುರಿದುಕೊಳ್ತೀನಿ" ಎಂದ. ಹುಡುಗ ಮಾತಾಡಲಿಲ್ಲ, ಬಗ್ಗಿ ಚೂರುಗಳನ್ನು ಆರಿಸುತ್ತಿದ್ದ. ಮದುವೆ ಮನೆಯವರು ಸುಮ್ಮನಿದ್ದರು. ನಾವೂ ಸುಮ್ಮನಿದ್ದೆವು. ತಟ್ಟೆಯಲ್ಲಿ ಬಿರಿಯಾನಿ ಇತ್ತು, ತಿಂದು ಎದ್ದು ಬಂದೆವು.

ಆ ರಾತ್ರಿ ನಿದ್ದೆ ಬರಲಿಲ್ಲ. ಮದ್ರಸದಲ್ಲಿ ಓದಿದ್ದೂ ಬಿ.ಎ.ಯಲ್ಲಿ ಇತಿಹಾಸ ಓದಿದ್ದೂ ಒಟ್ಟಿಗೆ ನೆನಪಾದವು. ಏಕೆಂದರೆ ಇದೇ ಘಟನೆ, ಹೆಚ್ಚುಕಮ್ಮಿ ಹೀಗೆಯೇ, ಸುಮಾರು ಏಳುನೂರು ವರ್ಷಗಳ ಹಿಂದೆ ದಮಾಸ್ಕಸ್ ನಗರದಲ್ಲಿ ನಡೆದಿತ್ತು. ಅದನ್ನು ಕಣ್ಣಾರೆ ಕಂಡು ಬರೆದಿಟ್ಟವರು ಪ್ರವಾಸಿ ಇಬ್ನು ಬತೂತ.

ಇಬ್ನು ಬತೂತ ಮೊರಾಕೋದ ತಾಂಜಿಯರ್ ಊರಿನವರು. ಹಜ್ಜಿಗೆಂದು ಹೊರಟು 1326ರ ರಮಝಾನಿನಲ್ಲಿ ದಮಾಸ್ಕಸ್ ತಲುಪಿದರು. ಒಂದು ದಿನ ಅಲ್ಲಿಯ ಗಲ್ಲಿಯೊಂದರಲ್ಲಿ ನಡೆಯುತ್ತಿದ್ದಾಗ ಒಬ್ಬ ಗುಲಾಮ ಹುಡುಗನ ಕೈಯಿಂದ ಚೀನಾದ ತಟ್ಟೆ ಬಿದ್ದು ಒಡೆದುಹೋಯಿತು. ಆ ಊರಿನಲ್ಲಿ ಅಂಥ ತಟ್ಟೆಗೆ 'ಸಹನ್' ಎನ್ನುತ್ತಿದ್ದರು. ಜನ ಸೇರಿದರು. ಅವರಲ್ಲೊಬ್ಬ, ಚೂರುಗಳನ್ನೆಲ್ಲ ಆರಿಸಿಕೊಂಡು ಪಾತ್ರೆಗಳ ವಕ್ಫ್ ನೋಡಿಕೊಳ್ಳುವವರ ಬಳಿಗೆ ಹೋಗೋಣ ಎಂದು ಹುಡುಗನನ್ನು ಕರೆದುಕೊಂಡು ಹೋದ. ವಕ್ಫ್‌ನವರು ಚೂರುಗಳನ್ನು ನೋಡಿ, ಅಂಥದ್ದೇ ಇನ್ನೊಂದು ತಟ್ಟೆ ಕೊಳ್ಳುವಷ್ಟು ಹಣ ಕೊಟ್ಟು ಕಳಿಸಿದರು. ಬರಿಗೈಯಲ್ಲಿ ಹೋದರೆ ಯಜಮಾನನ ಹೊಡೆತವೋ ಬೈಗುಳವೋ ತಪ್ಪುತ್ತಿರಲಿಲ್ಲ, ಹುಡುಗನ ಮನಸ್ಸೂ ಒಡೆಯುತ್ತಿತ್ತು, ಈ ವಕ್ಫ್ ಮನಸ್ಸುಗಳನ್ನು ಜೋಡಿಸುವಂಥದ್ದು ಎಂಬ ಅರ್ಥದಲ್ಲಿ ಇಬ್ನು ಬತೂತ ಅದನ್ನು ಹೊಗಳುತ್ತಾರೆ.

ಪಾತ್ರೆಗಳ ವಕ್ಫ್! ನಾವೆಲ್ಲ ವಕ್ಫ್ ಎಂದರೆ ಮಸೀದಿಯ ಮಳಿಗೆ, ಕಬರಸ್ತಾನದ ಜಾಗ, ಕೋರ್ಟಿನ ವ್ಯಾಜ್ಯ ಎಂದಷ್ಟೇ ತಿಳಿದಿದ್ದೇವೆ. ದಮಾಸ್ಕಸ್‌ನಲ್ಲಿ ಹಜ್ಜಿಗೆ ಹೋಗಲಾಗದವರಿಗೆ, ಸೆರೆಯಾಳುಗಳ ಬಿಡುಗಡೆಗೆ, ದಾರಿಹೋಕರ ಊಟ ಬಟ್ಟೆಗೆ, ಬೀದಿಗಳಿಗೆ ಕಲ್ಲು ಹಾಸಲು ಕೂಡ ವಕ್ಫ್‌ಗಳಿದ್ದವು ಎಂದು ಇಬ್ನು ಬತೂತ ಬರೆದಿದ್ದಾರೆ. ಅದೇ ಪಟ್ಟಿಯಲ್ಲಿ, ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸಲು ಶಕ್ತಿಯಿಲ್ಲದ ಮನೆಗಳಿಗೆ ಮದುವೆಯ ಸಾಮಾನು ಒದಗಿಸುವ ವಕ್ಫ್ ಸಹ ಇದೆ. ಮದುವೆಯ ಸಾಮಾನಿಗೂ ಒಡೆದ ತಟ್ಟೆಗೂ ಊರೇ ಜಾಮೀನು ನಿಂತಿತ್ತು.

ಆ ಹುಡುಗನ ತಟ್ಟೆ ಅಷ್ಟು ದೂರ ಹೇಗೆ ಬಂತು ಎಂಬುದನ್ನೂ ಹೇಳಬೇಕು. ಚೀನಾದ ಪಿಂಗಾಣಿ ಬಹಳ ಮುಂಚೆಯೇ ಮುಸ್ಲಿಮರ ಮನೆ ಸೇರಿತ್ತು. ಖುರಾಸಾನಿನ ರಾಜ್ಯಪಾಲ ಅಲೀ ಬಿನ್ ಈಸಾ ಖಲೀಫ ಹಾರೂನ್ ರಶೀದ್‌ಗೆ ಕಾಣಿಕೆಯಾಗಿ ಚೀನಾ ಚಕ್ರವರ್ತಿಯ ದರ್ಜೆಯ 20 ಪಿಂಗಾಣಿಗಳನ್ನೂ ಬೇರೆ 2,000 ಪಾತ್ರೆಗಳನ್ನೂ ಕಳಿಸಿದ, ಅಂಥವನ್ನು ಖಲೀಫರ ದರ್ಬಾರು ಅದುವರೆಗೆ ಕಂಡಿರಲಿಲ್ಲ ಎಂದು ಇತಿಹಾಸಕಾರ ಬೈಹಕೀ ಬರೆದಿದ್ದಾರೆ. 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ ಸಮುದ್ರದ ತಳದಲ್ಲಿ ಒಂದು ಹಡಗು ಸಿಕ್ಕಿತು. ಒಂಬತ್ತನೇ ಶತಮಾನದ್ದು, ಅರಬರು ಕಟ್ಟುವ ರೀತಿಯಲ್ಲಿ ಹಲಗೆಗಳನ್ನು ಹಗ್ಗದಿಂದ ಹೊಲಿದು ಕಟ್ಟಿದ ಹಡಗು. ಅದರಲ್ಲಿದ್ದದ್ದು ಚೀನಾದ ಸುಮಾರು 60,000 ಪಾತ್ರೆಗಳು.

ಬಿಳಿ ತಟ್ಟೆಯ ಮೇಲಿನ ನೀಲಿಯೂ ನಮ್ಮವರಿಗೆ ಸಂಬಂಧಿಸಿದ್ದು. ಚೀನಾದ ಕುಶಲಿಗಳು ಆ ನೀಲಿಗೆ ಬಳಸಿದ ಕೋಬಾಲ್ಟ್ ಮೊದಮೊದಲು ಇರಾನಿನ ಕಡೆಯಿಂದ ಹೋಗುತ್ತಿತ್ತು. ಚೀನೀ ಭಾಷೆಯಲ್ಲಿ ಅದಕ್ಕೆ 'ಮುಸ್ಲಿಮರ ನೀಲಿ' ಎಂಬ ಅರ್ಥದ ಹೆಸರೇ ಇತ್ತು. ನಾವು ಪಿಂಗಾಣಿ ಎನ್ನುತ್ತೇವಲ್ಲ, ಆ ಮಾತು ಫಾರ್ಸಿಯ 'ಪಿಂಗಾನ್' ಎಂಬುದರ ಬಳಗದ್ದು. ಅರಬರು ಕಾಫಿ ಕುಡಿಯುವ 'ಫಿಂಜಾನ್' ಕೂಡ ಅದೇ ಮಾತು.

ಅಂಥ ಬೆಲೆಬಾಳುವ ವಸ್ತು ಅರಮನೆಗಳಿಗೆ ಸೇರಿದ್ದು ಸಹಜ. ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯಲ್ಲಿ ಇಂದಿಗೂ 10,000ಕ್ಕೂ ಹೆಚ್ಚು ಚೀನೀ ಪಿಂಗಾಣಿಗಳಿವೆ. ಇರಾನಿನ ಶಾಹ್ ಅಬ್ಬಾಸ್ 1611ರಲ್ಲಿ ತನ್ನ ಸಂಗ್ರಹದ 1,100ಕ್ಕೂ ಹೆಚ್ಚು ಪಿಂಗಾಣಿಗಳನ್ನು ಅರ್ದಬೀಲ್‌ನ ದರ್ಗಾಕ್ಕೆ ವಕ್ಫ್ ಮಾಡಿದ. ಒಂದೊಂದರ ಮೇಲೂ ವಕ್ಫ್‌ನ ಮುದ್ರೆ ಕೊರೆಸಿ, ಅವನ್ನಿಡಲು 'ಚೀನಿ ಖಾನಾ' ಎಂಬ ಗೂಡುಗಳ ಕೋಣೆ ಮಾಡಿಸಿದ. ವಿಷ ತಾಗಿದರೆ ಹಸಿರು ಪಿಂಗಾಣಿ ಬಿರುಕು ಬಿಡುತ್ತದೆ ಎಂಬ ನಂಬಿಕೆಯೂ ಅನೇಕ ದರ್ಬಾರುಗಳಲ್ಲಿತ್ತು. ಅದು ಬರೀ ನಂಬಿಕೆ. ನಮ್ಮ ವಿಜಯಪುರದ ಗೋಲ್ ಗುಂಬಝ್ ಆವರಣದ ಮ್ಯೂಸಿಯಮ್ಮಿನಲ್ಲಿಯೂ ಹಳೆಯ ಚೀನೀ ಪಿಂಗಾಣಿಗಳನ್ನು ಇಟ್ಟಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದವರು ಗುಂಬಝಿನಲ್ಲಿ ಕೂಗಿ ಪ್ರತಿಧ್ವನಿ ಕೇಳಿ ಬರುತ್ತಾರೆಯೇ ಹೊರತು ಅವನ್ನು ನೋಡುವವರು ಕಡಿಮೆ. ಕರ್ನಾಟಕದ ಕರಾವಳಿಗೂ ಬಂದಿದ್ದ ಇಬ್ನು ಬತೂತ ಹೊನ್ನಾವರದ ಸುಲ್ತಾನ ಜಮಾಲುದ್ದೀನರ ಮನೆಯಲ್ಲಿ ಉಂಡದ್ದು ಮಾತ್ರ ತಾಮ್ರದ ಹರಿವಾಣದಲ್ಲಿ. ಅದಕ್ಕೆ 'ತಾಲಂ' ಎನ್ನುತ್ತಾರೆ ಎಂದು ಬರೆದಿಟ್ಟಿದ್ದಾರೆ.

ಇನ್ನು ಪ್ರವಾದಿವರ್ಯರ(ಸ) ಕಾಲದ ಮದೀನಕ್ಕೆ ಬರೋಣ. ಅಲ್ಲಿ ಪಿಂಗಾಣಿಯ ಮಾತೇ ಇಲ್ಲ. ಪ್ರವಾದಿವರ್ಯರು(ಸ) ಎತ್ತರದ ಊಟದ ಮೇಜಿನ ಮೇಲಾಗಲಿ, ವ್ಯಂಜನಗಳ ಚಿಕ್ಕ ಚಿಕ್ಕ ಬಟ್ಟಲುಗಳಲ್ಲಾಗಲಿ ಉಣ್ಣಲಿಲ್ಲ, ನೆಲದ ಮೇಲೆ ಹಾಸಿದ ಸುಫ್ರದ ಮೇಲೆ ಉಂಡರು ಎಂದು ಹಝ್ರತ್ ಅನಸ್(ರ) ಹೇಳಿದ್ದು ಬುಖಾರಿಯಲ್ಲಿದೆ. ಖೈಬರ್‌ನಿಂದ ಮರಳುವ ದಾರಿಯಲ್ಲಿ ಹಝ್ರತ್ ಸಫಿಯ್ಯಾ(ರ)ರ ವಲೀಮ ನಡೆದಾಗ ರೊಟ್ಟಿಯೂ ಇರಲಿಲ್ಲ, ಮಾಂಸವೂ ಇರಲಿಲ್ಲ. ಚರ್ಮದ ಹಾಸು ಹಾಸಿ ಖರ್ಜೂರ, ಒಣಗಿದ ಮೊಸರು, ತುಪ್ಪ ಹಾಕಿದರು. ಅದೇ ವಲೀಮ.

ಆದರೆ ಮದುವೆಗೆ ಎರವಲು ತರುವುದು ಮದೀನದಲ್ಲಿ ಇತ್ತು. ನಮಗೆ ಬಹಳ ಪ್ರಿಯವಾದ ಹದೀಸ್ ಒಂದಿದೆ. ಇಮಾಮ್ ಬುಖಾರಿಯವರು ಇದಕ್ಕೆಂದೇ, ಮದುಮಗಳಿಗಾಗಿ ಎರವಲು ಪಡೆಯುವುದು ಎಂದು ಪ್ರತ್ಯೇಕ ಶೀರ್ಷಿಕೆ ಕೊಟ್ಟಿದ್ದಾರೆ. ಹಝ್ರತ್ ಆಯಿಶಾ(ರ)ರ ಬಳಿ 5 ದಿರ್ಹಮಿನ ದಪ್ಪ ಬಟ್ಟೆಯ ಒಂದು ಉಡುಪಿತ್ತು. ಮುಂದೆ ಅನುಕೂಲದ ದಿನಗಳು ಬಂದಾಗ ಅವರ ಮನೆಯ ಕೆಲಸದ ಹುಡುಗಿ ಅಂಥದ್ದನ್ನು ಮನೆಯೊಳಗೆ ತೊಡಲೂ ಒಪ್ಪುತ್ತಿರಲಿಲ್ಲ. ಹಝ್ರತ್ ಆಯಿಶಾ(ರ) ಅದನ್ನು ತೋರಿಸಿ ಹಳೆಯದನ್ನು ನೆನೆದರು: ಪ್ರವಾದಿವರ್ಯರ(ಸ) ಕಾಲದಲ್ಲಿ ಇಂಥದ್ದೇ ಒಂದು ಉಡುಪು ತಮ್ಮಲ್ಲಿತ್ತು, ಮದೀನದಲ್ಲಿ ಯಾವ ಹೆಣ್ಣನ್ನು ಸಿಂಗರಿಸುವುದಿದ್ದರೂ ಅದನ್ನು ಎರವಲು ಕೇಳಿಕೊಂಡು ತಮ್ಮಲ್ಲಿಗೇ ಜನ ಕಳಿಸುತ್ತಿದ್ದರು. ಊರಿನ ಎಲ್ಲ ಮದುಮಗಳಿಗೂ ಒಂದೇ ಉಡುಪು! ಕೇಳಲು ಯಾರಿಗೂ ನಾಚಿಕೆಯಿರಲಿಲ್ಲ, ಕೊಡಲು ಅವರಿಗೂ ಬೇಸರವಿರಲಿಲ್ಲ.

ಅಲ್‌ಮಾಊನ್ ಸೂರಾವನ್ನು ನಾವು ನಮಾಝಿನಲ್ಲಿ ಎಷ್ಟು ಸಲ ಓದುತ್ತೇವೆ. ಅದರ ಕೊನೆಯಲ್ಲಿ ನಿಂದೆಗೆ ಗುರಿಯಾದವರು ಸಣ್ಣ ಸಾಮಾನನ್ನೂ ಕೊಡದೆ ತಡೆಯುವವರು. ಆ ಸಣ್ಣ ಸಾಮಾನು ಯಾವುದು? ಪ್ರವಾದಿವರ್ಯರ(ಸ) ಕಾಲದಲ್ಲಿ ಬಾವಿಯ ಬಕೀಟು, ಅಡುಗೆಯ ಪಾತ್ರೆ ಎರವಲು ಕೊಡುವುದನ್ನೇ ನಾವು ಮಾಊನ್ ಎಂದು ತಿಳಿಯುತ್ತಿದ್ದೆವು ಎಂದು ಹಝ್ರತ್ ಇಬ್ನು ಮಸ್ಊದ್(ರ) ವಿವರಿಸಿದ್ದಾರೆ.

ಎರವಲು ತಂದದ್ದು ಒಡೆದರೆ? ಇಲ್ಲಿ ನಮ್ಮ ರಾಜ್ಯದ ಮುಸ್ಲಿಮರಲ್ಲೇ ಎರಡು ಅಭಿಪ್ರಾಯ ಕಾಣಬಹುದು. ಕರಾವಳಿಯ ಬ್ಯಾರಿಗಳೂ ನವಾಯತರೂ ಶಾಫಿಈಗಳು. ಅವರ ಮದ್ಹಬ್‌ನಲ್ಲಿ ಎರವಲು ಪಡೆದವನು ಅದಕ್ಕೆ ಜಾಮೀನು, ಹೇಳಿದಂತೆ ಬಳಸುವಾಗ ಆದ ಸವೆತ ಬಿಟ್ಟು ಬೇರೆ ನಷ್ಟವನ್ನು ತುಂಬಬೇಕು. ಹುನೈನ್ ಯುದ್ಧಕ್ಕೆ ಮುನ್ನ ಪ್ರವಾದಿವರ್ಯರು(ಸ) ಸಫ್ವಾನ್ ಬಿನ್ ಉಮಯ್ಯರಿಂದ ಕವಚಗಳನ್ನು ಎರವಲು ಪಡೆದಾಗ, ಇನ್ನೂ ಇಸ್ಲಾಮ್ ಸ್ವೀಕರಿಸದಿದ್ದ ಸಫ್ವಾನ್ ಇದು ಬಲವಂತವೇ ಎಂದು ಕೇಳಿದರು. ಅಲ್ಲ, ಖಾತರಿಯಿರುವ ಎರವಲು ಎಂಬ ಉತ್ತರ ಬಂತು. ಒಳನಾಡಿನಲ್ಲಿ ಹೆಚ್ಚಿನವರು ನಾವು ಹನಫೀಗಳು. ನಮ್ಮಲ್ಲಿ ಎರವಲು ವಸ್ತು ಅಮಾನತ್, ಅಜಾಗ್ರತೆ ಇಲ್ಲದೆ ಹಾಳಾದರೆ ದಂಡವಿಲ್ಲ. ಆದರೆ ಬಾಡಿಗೆಗೆ ತಂದ ವಸ್ತುವಿನಲ್ಲಿ ಇಬ್ಬರದೂ ಒಂದೇ ಮಾತು: ಬಾಡಿಗೆದಾರನ ಕೈಯಲ್ಲಿ ಅದು ಅಮಾನತ್, ತಪ್ಪಿಲ್ಲದೆ ಒಡೆದದ್ದಕ್ಕೆ ಅವನು ಹೊಣೆಯಲ್ಲ. ದಿನಗೂಲಿಗೆ ದುಡಿಯುವ ಕೆಲಸದವನ ವಿಷಯದಲ್ಲಿ ಫಿಕ್ಹ್ ಇನ್ನೂ ಸ್ಪಷ್ಟ. ಬೇಕೆಂದೇ ಅಥವಾ ಅಜಾಗ್ರತೆಯಿಂದ ಒಡೆಯದಿದ್ದರೆ ಅವನಿಂದ ವಸೂಲಿ ಮಾಡುವಂತಿಲ್ಲ. ಮದ್ರಸದಲ್ಲಿ ಇದನ್ನು ಪಾಠವಾಗಿ ಓದಿ, ಪರೀಕ್ಷೆಯಲ್ಲಿ ಬರೆದು ಪಾಸಾದವರು ನಾವು. ಶಾದಿಮಹಲ್‌ನಲ್ಲಿ ಬಾಯಿ ಬಿಡಲಿಲ್ಲ.

ಪ್ರವಾದಿವರ್ಯರ(ಸ) ಮನೆಯಲ್ಲೂ ಒಮ್ಮೆ ತಟ್ಟೆ ಒಡೆದಿತ್ತು. ಅವರು ಒಬ್ಬ ಪತ್ನಿಯ ಮನೆಯಲ್ಲಿದ್ದಾಗ ಇನ್ನೊಬ್ಬರು ಸೇವಕನ ಕೈಯಲ್ಲಿ ಊಟದ ತಟ್ಟೆ ಕಳಿಸಿದರು. ಮನೆಯೊಡತಿ ಆ ಕೈಗೆ ಹೊಡೆದರು, ತಟ್ಟೆ ಬಿದ್ದು ಎರಡಾಯಿತು. ಪ್ರವಾದಿವರ್ಯರು(ಸ) ಸ್ವತಃ ಬಗ್ಗಿ ಚೂರುಗಳನ್ನು ಕೂಡಿಸಿ, ಚೆಲ್ಲಿದ ಊಟವನ್ನು ಅದರಲ್ಲಿ ತುಂಬಿಸಿದರು. ಇದ್ದವರಿಗೆ, ನಿಮ್ಮ ತಾಯಿಗೆ ಮತ್ಸರವಾಯಿತು ಎಂದಷ್ಟೇ ಹೇಳಿದರು. ಸೇವಕನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ಒಡೆದವರ ಮನೆಯ ಗಟ್ಟಿ ತಟ್ಟೆಯನ್ನು ತರಿಸಿ ಅವನ ಕೈಗೆ ಕೊಟ್ಟರು, ಒಡೆದದ್ದನ್ನು ಒಡೆದ ಮನೆಯಲ್ಲೇ ಇಟ್ಟುಕೊಂಡರು. ಕಳಿಸಿದವರಿಗೆ ನಷ್ಟವಾಗಲಿಲ್ಲ, ಹೊತ್ತು ತಂದವನ ತಲೆಗೆ ಏನೂ ಬರಲಿಲ್ಲ.

ಖುತ್ಬಾದಲ್ಲಿ ಇದನ್ನು ಹೇಳಿದ ಮೇಲೆ ಮದುವೆ ಮನೆಯ ಹಿರಿಯರು ಹೊರಗೆ ಕಾದಿದ್ದರು. ಸಿಟ್ಟಾಗಿರಬಹುದು ಎಂದುಕೊಂಡೆವು. "ಹಝ್ರತ್, ತಟ್ಟೆಗೆ ಅಂತ ಕೊಟ್ಟ ಡಿಪಾಝಿಟ್‌ನಲ್ಲಿ ಆವತ್ತೇ ಹಣ ಹಿಡಕೊಂಡಿದ್ದಾರೆ. ಹುಡುಗನ ಕೂಲಿಯನ್ನೂ ಮುರಿದಿದ್ದಾರೆ. ಹಾಗಾದರೆ ಎರಡು ಸಲ ತಗೊಂಡ ಹಾಗಾಯ್ತಲ್ಲ" ಎಂದರು. ಇದು ನಮಗೂ ಹೊಳೆದಿರಲಿಲ್ಲ. ಇಬ್ಬರೂ ಗುತ್ತಿಗೆದಾರನ ಬಳಿಗೆ ಹೋದೆವು. ಸ್ವಲ್ಪ ಮಾತಾಯಿತು. ಕೊನೆಗೆ ಕೂಲಿಯ ಹಣ ವಾಪಸು ಬಂತು. ಹುಡುಗ ಪಕ್ಕದ ಹಳ್ಳಿಯವನು. ಹಿರಿಯರೇ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬಂದರು.

ನಮ್ಮ ಮಸೀದಿಯ ಉಗ್ರಾಣದಲ್ಲಿ ಮೂರು ದೊಡ್ಡ ಡೇಗ್, ತಾಮ್ರದ ತಬಕ್‌ಗಳು, ಸ್ಟೀಲ್ ತಟ್ಟೆಗಳು ಇವೆ. ಹಿಂದಿನವರು ವಕ್ಫ್ ಮಾಡಿದವು. ಇಮಾಮ್ ಮುಹಮ್ಮದ್(ರಹ) ಚರ ವಸ್ತುಗಳ ವಕ್ಫ್‌ಗೆ ರೂಢಿಯ ಆಧಾರದ ಮೇಲೆ ಅನುಮತಿ ಕೊಟ್ಟಾಗ ಕೊಡಲಿ, ಗರಗಸ, ಜನಾಝದ ಮಂಚದ ಜೊತೆ ಅಡುಗೆಯ ಹಂಡೆಗಳ ಹೆಸರೂ ಸೇರಿದೆ. ಅಂದರೆ ನಮ್ಮ ಡೇಗ್‌ಗಳಿಗೆ ಹಳೆಯ ಫಿಕ್ಹ್ ಗ್ರಂಥಗಳಲ್ಲೇ ಜಾಗವಿದೆ. ಮೊದಲು ಪ್ರತಿ ಮದುವೆಗೂ ಅವು ಹೋಗುತ್ತಿದ್ದವು. ಈಗ ತಬಕ್‌ಗಳಿಗೆ ಕಲಾಯಿ ಹಾಕಿಸಿ ವರ್ಷಗಳಾಗಿವೆ, ಕೇಳುವವರೇ ಇಲ್ಲ. ಮಸೀದಿಯ ಪಾತ್ರೆ ತಂದರೆ ಬಡವರೆಂದು ತಿಳಿಯುತ್ತಾರೆ ಎಂಬ ಭಯ.

ಕಮಿಟಿಯ ಮುಂದೆ ಎರಡು ವಿಷಯ ಇಟ್ಟಿದ್ದೇವೆ. ತಬಕ್‌ಗಳಿಗೆ ಕಲಾಯಿ ಹಾಕಿಸುವುದು ಒಂದು. ಮದುವೆಗಳಲ್ಲಿ ಒಡೆದದ್ದು, ಕಳೆದದ್ದರ ನಷ್ಟ ತುಂಬಲು ಒಂದು ಪ್ರತ್ಯೇಕ ಡಬ್ಬಿ ಇಡುವುದು ಇನ್ನೊಂದು. ಕಲಾಯಿಗೆ ಒಪ್ಪಿದ್ದಾರೆ. ಡಬ್ಬಿ ಇಟ್ಟರೆ ಜನ ಬೇಕೆಂದೇ ಒಡೆಯುತ್ತಾರೆ ಎಂದು ಒಬ್ಬ ಸದಸ್ಯರ ವಾದ. ಮುಂದಿನ ಸಭೆ ಇಪ್ಪತ್ತೆರಡನೇ ತಾರೀಖು, ಇಶಾ ನಮಾಝಿನ ನಂತರ.