ಅರಗಿನ ತಟ್ಟೆ ಮತ್ತು ಕಣದ ಹಾಡು

ಗದ್ದೆಯ ಬದುವಿನಲ್ಲಿ ಮೊಬೈಲ್ ಫೋನನ್ನು ಇರಿಸಿ, ಅದರಿಂದ ಹೊಮ್ಮುವ ಹಾಡಿಗೆ ಕಿವಿಗೊಡುತ್ತಾ ಕಳೆ ಕೀಳುವ ಹೆಂಗಸರನ್ನು ತಾವು ಕಂಡಿರುತ್ತೀರಿ. ಕಟ್ಟಡದ ಸಾರುವೆಯ ಮೇಲೆ ನಿಂತ ಗಾರೆ ಕೆಲಸದವನ ಜೇಬಿನಿಂದ ಹಾಡು ಕೇಳಿಸುತ್ತದೆ. ಬೆಳಗಾವಿ, ಬಾಗಲಕೋಟೆಯ ಕಡೆ ಕಬ್ಬು ಹೇರಿಕೊಂಡು ಹೋಗುವ ಟ್ರ್ಯಾಕ್ಟರುಗಳಂತೂ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತವೆ. ಹೊಸ ಚಿತ್ರದ ಹಾಡುಗಳು ಬಂದರೆ ಅವುಗಳ ಗುಣದೋಷಗಳನ್ನು ಮೊದಲು ತೂಗಿ ನೋಡುವವರು ಈ ದುಡಿಯುವ ಜನರೇ ಎಂದರೆ ತಪ್ಪಾಗಲಾರದು. ಇದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಬಯಲಿನಲ್ಲಿ ದುಡಿಯುವವನು ಬೇರೆಯವರ ಹಾಡನ್ನು ಕೇಳುವ ರಸಿಕನಾದದ್ದು ಯಾವಾಗ, ಹೇಗೆ ಎಂದು ನಾವು ಕೇಳಿಕೊಳ್ಳುವುದೇ ಇಲ್ಲ.

ಮೊದಲು ಅವನು ಕೇಳುಗನಾಗಿರಲಿಲ್ಲ, ಹಾಡುಗನಾಗಿದ್ದ. ಉತ್ತರ ಕರ್ನಾಟಕದ ಹಂತಿ ಪದಗಳನ್ನೇ ನೋಡಿರಿ. ಕಣದ ನಡುವೆ ಮೇಟಿಕಂಬ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಹರಡಿದ ತೆನೆಗಳ ಮೇಲೆ ಸುತ್ತು ತಿರುಗಿಸುವುದೇ ಹಂತಿ. ಒಬ್ಬನು ಪದವನ್ನು ಎತ್ತಿಕೊಟ್ಟರೆ ಉಳಿದವರು ಅದನ್ನು ಹಿಂದಿನಿಂದ ಹಿಡಿಯುತ್ತಿದ್ದರು. ರಾತ್ರಿಯ ನಿದ್ದೆಯನ್ನು ದೂರವಿಡಲು, ಎತ್ತುಗಳ ಹೆಜ್ಜೆ ನಿಲ್ಲದಂತೆ ನೋಡಿಕೊಳ್ಳಲು ಆ ಹಾಡು ಬೇಕಿತ್ತು. ತುಳುನಾಡಿನಲ್ಲಿ ನೇಜಿ ನೆಡುವ ಹೆಂಗಸರು ಓಬೇಲೆ ಹಾಡುತ್ತಿದ್ದರು, ಪಾಡ್ದನಗಳನ್ನು ಹೇಳುತ್ತಿದ್ದರು. ಬಾಗಿದ ಬೆನ್ನುಗಳು ಒಂದೇ ಲಯಕ್ಕೆ ಹಿಂದೆ ಸರಿಯುತ್ತಿದ್ದವು. ಹಾಡು ಇಲ್ಲಿ ಮನರಂಜನೆಯಲ್ಲ; ನೇಗಿಲು, ಕುಡುಗೋಲುಗಳಂತೆ ಅದೂ ಒಂದು ಸಲಕರಣೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಿಂದ ಓದುಬಲ್ಲ ಕನ್ನಡಿಗರಿಗೆ ಇಂತಹ ಸಂಪತ್ತಿನ ಒಂದು ಭಾಗ ಪರಿಚಯವಾಯಿತು. ಸಂಕಲನದ ಹೆಸರನ್ನು ಗಮನಿಸಿರಿ. ಹಾಡಿದವಳು ಗರತಿ, ಅಷ್ಟೆ. ಈ ಮಾತಿಗೆ ಮುಂದೆ ಮರಳಿ ಬರಬೇಕಾಗುತ್ತದೆ.

ಅಷ್ಟರೊಳಗೆ ಹಾಡನ್ನು ಹಿಡಿದಿಡುವ ಯಂತ್ರ ಭಾರತಕ್ಕೆ ಬಂದಾಗಿತ್ತು. 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಧ್ವನಿಮುದ್ರಿಸಿದರು. ಗಂಟೆಗಟ್ಟಲೆ ಬೆಳೆಯಬಹುದಾದ ರಾಗವನ್ನು ಸುಮಾರು 3 ನಿಮಿಷಗಳಿಗೆ ಅಡಕಗೊಳಿಸಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರಿ ಹೇಳಿ ಮುಗಿಸುವ ಕಲೆಯನ್ನು ಆಕೆ ಬೇಗನೆ ಕಲಿತರು. ಇಡೀ ದೇಶದಲ್ಲಿ ಹೆಸರು ಮಾಡಿದ ಈ ಗಾಯಕಿ ತಮ್ಮ ಕೊನೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಆದರೆ ನಾನು ತಮ್ಮ ಗಮನ ಸೆಳೆಯಬಯಸುವುದು ಗಾಯಕಿಯ ಕಡೆಗಲ್ಲ, ಆ ತಟ್ಟೆಯ ಕಡೆಗೆ. ಅಂದಿನ ಗ್ರಾಮಫೋನ್ ತಟ್ಟೆ ಅರಗಿನದು. ಕಲ್ಲಿನ ಪುಡಿ ಮತ್ತು ಮಸಿಯನ್ನು ಅರಗಿನಲ್ಲಿ ಬೆರೆಸಿ ಒತ್ತಿ ಅದನ್ನು ತಯಾರಿಸುತ್ತಿದ್ದರು. ಪಾಂಡವರ ಅರಗಿನ ಮನೆಯ ಕಥೆಯಿಂದ ನಮಗೆಲ್ಲ ಗೊತ್ತಿರುವ ಆ ಅರಗೇ ಇದು. ಜಗತ್ತಿಗೆ ಬೇಕಾದ ಅರಗಿನ ದೊಡ್ಡ ಪಾಲು ಬರುತ್ತಿದ್ದುದು ಭಾರತದಿಂದ. ಅದರಲ್ಲಿಯೂ ಇಂದಿನ ಝಾರ್ಖಂಡ್ ರಾಜ್ಯದಲ್ಲಿರುವ ಛೋಟಾನಾಗಪುರ ಪ್ರಸ್ಥಭೂಮಿಯ ಕಾಡುಗಳಿಂದ. ಮುಂಡಾ, ಉರಾಂವ್ ಮೊದಲಾದ ಆದಿವಾಸಿ ಕುಟುಂಬಗಳು ಮುತ್ತುಗ, ಎಲಚಿ ಮರಗಳ ರೆಂಬೆಗಳಿಗೆ ಅರಗಿನ ಹುಳುಗಳಿರುವ ಕಡ್ಡಿಗಳನ್ನು ಕಟ್ಟುತ್ತಿದ್ದರು. ಹುಳುಗಳು ರಸ ಹೀರಿ ತಮ್ಮ ಸುತ್ತ ಅರಗಿನ ಕವಚ ಕಟ್ಟಿಕೊಂಡ ಮೇಲೆ, ರೆಂಬೆಗಳನ್ನು ಕಡಿದು ಕೆರೆದು ಅರಗನ್ನು ಸಂತೆಗೆ ಒಯ್ಯುತ್ತಿದ್ದರು. ಕಾರ್ಖಾನೆಯಲ್ಲಿ ಅದನ್ನು ಉದ್ದನೆಯ ಬಟ್ಟೆಯ ಚೀಲಕ್ಕೆ ತುಂಬಿ ಬೆಂಕಿಯ ಎದುರಿನಲ್ಲಿ ಕರಗಿಸಿ, ಬಿಸಿಯಾದ ಹಾಳೆಯನ್ನು ಕೈ, ಕಾಲು, ಹಲ್ಲುಗಳಿಂದ ಹಿಡಿದು ಎಳೆದು ತೆಳುವಾಗಿಸುವ ಕೆಲಸಗಾರರಿದ್ದರು. ಅದೇ ಪ್ರಸ್ಥಭೂಮಿಯ ಕೋಡರ್ಮಾ ಪ್ರದೇಶವು ಕಾಗೆಬಂಗಾರಕ್ಕೆ, ಎಂದರೆ ಅಭ್ರಕಕ್ಕೆ, ಲೋಕಪ್ರಸಿದ್ಧ. ಆರಂಭಕಾಲದ ಗ್ರಾಮಫೋನಿನ ಧ್ವನಿಪೆಟ್ಟಿಗೆಯಲ್ಲಿ ಮುಳ್ಳಿನೊಡನೆ ಕಂಪಿಸುತ್ತಿದ್ದ ತೆಳು ಬಿಲ್ಲೆಯೂ ಅಭ್ರಕದ್ದೇ. 1942ರಲ್ಲಿ, ಮಹಾಯುದ್ಧದ ಕಾಲದಲ್ಲಿ, ಅಮೆರಿಕಾ ಸರ್ಕಾರವು ತಟ್ಟೆಗಳಿಗೆ ಅರಗನ್ನು ಬಳಸದಂತೆ ಬಿಗಿಯಾದ ಮಿತಿ ಹೇರಿದಾಗ ನ್ಯೂಯಾರ್ಕಿನ ಸಂಗೀತ ವ್ಯಾಪಾರವೇ ತತ್ತರಿಸಿತು. ಕಾಡಿನಲ್ಲಿ ರೆಂಬೆ ಕಡಿಯುವವನ ಕೈಗೂ ಸಾಗರದಾಚೆಯ ಸಂಗೀತಕ್ಕೂ ಇದ್ದ ಈ ನಂಟು ಆತನಿಗೆ ತಿಳಿದಿದ್ದೀತೇ? ಅವನ ಗುಡಿಸಲಿನಲ್ಲಂತೂ ಗ್ರಾಮಫೋನ್ ಇರಲಿಲ್ಲ.

ಏಕೆಂದರೆ ಗ್ರಾಮಫೋನ್ ಒಳಮನೆಯ ವಸ್ತು. ಅದಕ್ಕೆ ಅಲುಗಾಡದ ಮೇಜು ಬೇಕು, ಕೀಲಿ ಕೊಡುವ ಬಿಡುವು ಬೇಕು, ಮತ್ತೆ ಮತ್ತೆ ಹೊಸ ಮುಳ್ಳು ಕೊಳ್ಳುವ ಹಣ ಬೇಕು. ‘ಆಲ್ಬಮ್’ ಎಂಬ ಶಬ್ದವೂ ಇದೇ ಒಳಮನೆಯಿಂದ ಬಂದಿದೆ. ಲ್ಯಾಟಿನ್ ಭಾಷೆಯಲ್ಲಿ ಬಿಳುಪನ್ನು ಸೂಚಿಸುವ ಶಬ್ದದಿಂದ ಹುಟ್ಟಿದ ಆಲ್ಬಮ್ ಮೊದಲಿಗೆ ಖಾಲಿ ಹಾಳೆಗಳ ಪುಸ್ತಕ. ಒಂದು ದೀರ್ಘ ಕೃತಿಯನ್ನು ಹಲವು ತಟ್ಟೆಗಳಲ್ಲಿ ಮುದ್ರಿಸಿ, ಭಾವಚಿತ್ರಗಳ ಪುಸ್ತಕದಂತೆ ಕಾಗದದ ಚೀಲಗಳಿಗೆ ಸೇರಿಸಿ ಹೊಲಿದು ಮಾರುವ ಪದ್ಧತಿ ಬಂದಾಗ ಆ ಕಟ್ಟಿಗೇ ಆಲ್ಬಮ್ ಎಂದರು. 1948ರಲ್ಲಿ ಕೊಲಂಬಿಯಾ ಕಂಪನಿಯು ಪ್ರತಿಯೊಂದು ಬದಿಗೆ 20 ನಿಮಿಷಗಳಿಗೂ ಹೆಚ್ಚು ಕಾಲ ಹಾಡುವ ದೀರ್ಘಾವಧಿಯ ತಟ್ಟೆಯನ್ನು ಹೊರತಂದಿತು. ಕಟ್ಟು ಹೋಯಿತು, ಹೆಸರು ಉಳಿಯಿತು.

ಬಯಲಿನ ದುಡಿಮೆಗಾರನಿಗೂ ತಟ್ಟೆಗೂ ನೇರವಾದ ಭೇಟಿಯಾದದ್ದನ್ನು ನೋಡಲು ತಾವು ನನ್ನೊಡನೆ ಅಮೆರಿಕಾದ ಮಿಸಿಸಿಪ್ಪಿ ರಾಜ್ಯಕ್ಕೆ ಬರಬೇಕು. ಅಲ್ಲಿಯ ಹತ್ತಿಯ ಹೊಲಗಳಲ್ಲಿ ಕರಿಯ ಜನಾಂಗದವರು, ಗುಲಾಮಗಿರಿ ಅಳಿದ ಮೇಲೆಯೂ, ಸಾಲದ ಹೊರೆ ಹೊತ್ತು ಗೇಣಿದಾರರಾಗಿ, ಕೂಲಿಗಳಾಗಿ ದುಡಿಯುತ್ತಿದ್ದರು. ಅವರ ಕೂಗುಹಾಡುಗಳಿಂದ ಬ್ಲೂಸ್ ಎಂಬ ಸಂಗೀತಕ್ಕೆ ಜೀವ ಬಂತು. 1941ರ ಆಗಸ್ಟ್ ತಿಂಗಳಲ್ಲಿ ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್, ಅಮೆರಿಕಾ ಸಂಸತ್ತಿನ ಗ್ರಂಥಾಲಯದ ಪರವಾಗಿ, ಫಿಸ್ಕ್ ವಿಶ್ವವಿದ್ಯಾಲಯದ ಜಾನ್ ವರ್ಕ್ ಅವರೊಡನೆ ಸ್ಟೋವಾಲ್ ಎಂಬ ಹತ್ತಿಯ ತೋಟಕ್ಕೆ ಬಂದರು. ಅಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಮೆಕಿನ್ಲಿ ಮೋರ್ಗನ್‌ಫೀಲ್ಡ್ ಎಂಬಾತ ಊರಿನಲ್ಲಿ ಗಿಟಾರ್ ನುಡಿಸಿ ಹಾಡುವುದಕ್ಕೆ ಹೆಸರಾಗಿದ್ದ. ಮಡ್ಡಿ ವಾಟರ್ಸ್ ಎಂಬುದು ಅವನ ಅಡ್ಡಹೆಸರು. ಕಳ್ಳಭಟ್ಟಿಯ ವ್ಯಾಪಾರವನ್ನೂ ಮಾಡುತ್ತಿದ್ದ ಆತ, ತನ್ನನ್ನು ಹುಡುಕಿಕೊಂಡು ಬಂದ ಬಿಳಿಯನು ಸರ್ಕಾರಿ ಅಧಿಕಾರಿಯಿರಬೇಕೆಂದು ಮೊದಲು ಹೆದರಿದನಂತೆ.

ಆತ ಹಾಡಿದ, ಯಂತ್ರ ಅದನ್ನು ಹಿಡಿಯಿತು, ಮತ್ತೆ ನುಡಿಸಿತು. ಬೇರೆಯವರ ತಟ್ಟೆಗಳನ್ನು ಕೇಳಿ ಕಲಿತಿದ್ದ ಆತ ತನ್ನದೇ ಧ್ವನಿಯನ್ನು ಹಾಗೆ ಕೇಳಿ, ತಾನೂ ಇದಕ್ಕೆ ಯೋಗ್ಯನೆಂದು ನಂಬಿದ. ಅನಂತರ ಲೋಮ್ಯಾಕ್ಸ್ 2 ತಟ್ಟೆಗಳನ್ನೂ 20 ಡಾಲರುಗಳ ಚೆಕ್ಕನ್ನೂ ಕಳುಹಿಸಿದರು. ಅವನ ಕೂಲಿ ಗಂಟೆಗೆ 25 ಸೆಂಟಿಗಿಂತಲೂ ಕಡಿಮೆ. ಹಾಗಾಗಿ ಅದು 80 ಗಂಟೆಗಳ ದುಡಿಮೆಗೂ ಮೀರಿದ ಹಣ. ಹಣಕ್ಕಿಂತ ಹೆಚ್ಚಿನ ಸಂತೋಷ ಅವನಿಗೆ ತಟ್ಟೆಯಿಂದಾಗಿರಬೇಕು. ಅದನ್ನು ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆಯಲ್ಲಿ ಇರಿಸಿ ತಾನೇ ನುಡಿಸಿ ಕೇಳಿದ. 1943ರಲ್ಲಿ ಕೂಲಿಯ ವಿಷಯವಾಗಿ ಮೇಲ್ವಿಚಾರಕನೊಡನೆ ಮಾತಿಗೆ ಮಾತು ಬೆಳೆದು ಆತ ಷಿಕಾಗೋ ರೈಲು ಹತ್ತಿದ. ಮುಂದೆ ಆತ ಎಂತಹ ಕಲಾವಿದನಾದನೆಂಬುದು ಸಂಗೀತಪ್ರಿಯರಿಗೆ ಗೊತ್ತೇ ಇದೆ. ಆದರೆ ಇಂತಹ ಭಾಗ್ಯ ಒಬ್ಬಿಬ್ಬರದು. ಉಳಿದವರು ಹೊಲದಲ್ಲಿಯೇ ಉಳಿದರು.

ಆ ಉಳಿದವರಿಗೆ, ನಮ್ಮ ದೇಶದಲ್ಲಿಯೂ, ಸಂಗೀತವನ್ನು ಬಯಲಿಗೆ ತಂದುಕೊಟ್ಟದ್ದು ಟ್ರಾನ್ಸಿಸ್ಟರ್. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರ ಆರಂಭಿಸಿದ್ದರೂ, ಅಂದಿನ ರೇಡಿಯೋ ಕೂಡ ಗೋಡೆಯ ಪಕ್ಕದಲ್ಲಿ ಕೂರುವ ಭಾರವಾದ ಪೆಟ್ಟಿಗೆ. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ರೂಪುಗೊಂಡಿತು. 1954ರಲ್ಲಿ ಅದನ್ನು ಬಳಸಿದ ಜೇಬುರೇಡಿಯೋ ಅಮೆರಿಕಾದಲ್ಲಿ ಮಾರಾಟಕ್ಕೆ ಬಂತು. ಭಾರತದ ಹಳ್ಳಿಗಳಲ್ಲಿ ಚರ್ಮದ ಚೀಲ ತೊಟ್ಟ ಟ್ರಾನ್ಸಿಸ್ಟರ್ 1960ರ ದಶಕದಿಂದ ಕಾಣಿಸಿಕೊಳ್ಳತೊಡಗಿತು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು ಎಂಬುದು ಹಿರಿಯರಿಗೆ ನೆನಪಿರಬಹುದು. ಮೊದಲ ಬಾರಿಗೆ ಹಾಡು ಎತ್ತಿನ ಗಾಡಿಯ ಗೂಟಕ್ಕೆ, ಮರದ ಕೊಂಬೆಗೆ ನೇತುಬಿದ್ದು ಬಯಲಿಗೆ ಬಂತು. ಸಂಜೆ ಕೃಷಿರಂಗ, ರಾತ್ರಿ ಚಿತ್ರಗೀತೆ.

ಚಿತ್ರಗೀತೆಗೂ ಅಡ್ಡಿಯಿತ್ತು. 1952ರಲ್ಲಿ ವಾರ್ತಾ ಸಚಿವರಾದ ಬಿ. ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಅಭಿಮಾನದಿಂದ ಸರ್ಕಾರಿ ಬಾನುಲಿಯಲ್ಲಿ ಚಿತ್ರಗೀತೆಗಳನ್ನು ಬಹುಮಟ್ಟಿಗೆ ದೂರವಿಟ್ಟರು. ಜನರು ವಾದಿಸಲಿಲ್ಲ, ಮುಳ್ಳನ್ನು ರೇಡಿಯೋ ಸಿಲೋನಿನ ಕಡೆಗೆ ತಿರುಗಿಸಿದರು. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಆರಂಭವಾಗಲು ಇದೂ ಒಂದು ಕಾರಣ. ಮೆಚ್ಚಿನ ಹಾಡು ಕೋರಿ ಕಾರ್ಡು ಬರೆಯುವ ಕಾರ್ಯಕ್ರಮಗಳಲ್ಲಿ ಒಂದು ಊರಿನ ಹೆಸರು ಎಷ್ಟು ಸಲ ಕೇಳಿಬರುತ್ತಿತ್ತೆಂದರೆ, ಅಂತಹ ಊರು ಇದೆಯೇ ಎಂದು ಕೇಳುಗರು ನಗುತ್ತಿದ್ದರು. ಅದು ಝುಮರಿ ತಿಲೈಯಾ. ಇದ್ದದ್ದು ಎಲ್ಲಿ ಬಲ್ಲಿರಾ? ಅದೇ ಛೋಟಾನಾಗಪುರದ ಕೋಡರ್ಮಾದಲ್ಲಿ, ಅಭ್ರಕದ ಗಣಿಗಳ ನಡುವೆ. ತಟ್ಟೆಗೆ ಅರಗನ್ನೂ ಧ್ವನಿಪೆಟ್ಟಿಗೆಗೆ ಕಾಗೆಬಂಗಾರವನ್ನೂ ಕೊಟ್ಟ ನೆಲದಿಂದ, ನಮಗೂ ಒಂದು ಹಾಡು ಹಾಕಿರೆಂದು ಕಾರ್ಡುಗಳು ಹೊರಟವು. ಅದಕ್ಕೆ ನಕ್ಕವರು ಈ ಸಾಲವನ್ನು ನೆನೆಯಲಿಲ್ಲ.

ರೇಡಿಯೋ ಕೊಟ್ಟದ್ದನ್ನು ಕೇಳಬೇಕಿತ್ತು. ತನಗೆ ಬೇಕಾದುದನ್ನು, ಬೇಕೆಂದಾಗ ಕೇಳುವ ಸ್ವಾತಂತ್ರ್ಯ ಬಂದದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿಯ ಲೌ ಒಟೆನ್ಸ್ ಅವರ ತಂಡವು 1963ರಲ್ಲಿ ಅದನ್ನು ಹೊರತಂದಿತು. ಕೋಟಿನ ಜೇಬಿಗೆ ಸೇರುವಂತಹ ಮರದ ತುಂಡೊಂದನ್ನು ಅಳತೆಗೆ ಇರಿಸಿಕೊಂಡು ಅವರು ಯಂತ್ರದ ಗಾತ್ರವನ್ನು ನಿರ್ಧರಿಸಿದರಂತೆ. ಕನ್ನಡದಲ್ಲಿ 1978ರಲ್ಲಿ ಬಂದ ‘ನಿತ್ಯೋತ್ಸವ’ ಈ ಯುಗದ ಬಾಗಿಲು ತೆರೆಯಿತು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹೊಂದಿಸಿದ್ದರು. ಕವಿತೆಯ ಪುಸ್ತಕವನ್ನು ಎಂದೂ ಮುಟ್ಟದವರು ಕವಿತೆಯನ್ನು ಗುನುಗತೊಡಗಿದರು. ತಮ್ಮ ಮನೆಯ ಅಟ್ಟದ ಮೇಲೆಯೂ ಭಾವಗೀತೆ, ಭಕ್ತಿಗೀತೆ, ಚಿತ್ರಗೀತೆಗಳು ಒಂದೇ ಪೆಟ್ಟಿಗೆಯಲ್ಲಿ ಧೂಳು ಹಿಡಿದು ಕುಳಿತಿರಬಹುದು. ಆ ಕಾಲದ ರಸಿಕನ ದಿನಚರಿಯನ್ನು ನೆನೆದರೆ ಮುಖದ ಮೇಲೆ ನಗು ಮೂಡುತ್ತದೆ. ಸಿಕ್ಕಿಕೊಂಡ ಟೇಪನ್ನು ಪೆನ್ಸಿಲಿನಿಂದ ಸುತ್ತಬೇಕು. ಬತ್ತಿದ ಸೆಲ್ಲುಗಳನ್ನು ಬಿಸಿಲಿಗೆ ಇಟ್ಟು ಇನ್ನೊಂದು ದಿನ ಹಾಡಿಸಬೇಕು. ಹೊಸ ಕ್ಯಾಸೆಟ್ ಕೊಂಡವನ ಮನೆಗೆ ಖಾಲಿ ಕ್ಯಾಸೆಟ್ ಹಿಡಿದುಕೊಂಡು ಹೋಗಬೇಕು. ಇದು ನ್ಯಾಯವಾದ ನಕಲಲ್ಲ ಎಂಬುದು ಯಾರಿಗೂ ಹೊಳೆಯುತ್ತಿರಲಿಲ್ಲ.

1979ರ ಜುಲೈಯಲ್ಲಿ ಜಪಾನಿನ ಸೋನಿ ಕಂಪನಿ ವಾಕ್‌ಮನ್ ಎಂಬ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಒಬ್ಬನೇ ಕೇಳುತ್ತಾ ಕೂರುವುದು ಪಕ್ಕದವರಿಗೆ ಅಗೌರವವಾದೀತೆಂಬ ಚಿಂತೆಯಿಂದ ಮೊದಲ ಮಾದರಿಯಲ್ಲಿ ಇಬ್ಬರಿಗೆ ಕೇಳುವ ವ್ಯವಸ್ಥೆಯೂ, ಹಾಡನ್ನು ತಗ್ಗಿಸಿ ಪರಸ್ಪರ ಮಾತನಾಡಲು ಒಂದು ಕಿತ್ತಳೆ ಬಣ್ಣದ ಗುಂಡಿಯೂ ಇದ್ದವು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಉಳಿಯಲಿಲ್ಲ. ಈ ಸಣ್ಣ ಸಂಗತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ಹಿಂದಿನದೆಲ್ಲ ಸೊಗಸಾಗಿತ್ತೆಂದು ಹಲುಬುವವರ ಸಾಲಿಗೆ ನಾನು ಸೇರಲಾರೆ. ಇಡೀ ರಾತ್ರಿ ಎತ್ತುಗಳ ಹಿಂದೆ ನಡೆದವನ ಕಾಲಿನ ನೋವನ್ನು ಹಂತಿ ಪದದ ಇಂಪು ಮರೆಸುತ್ತಿತ್ತೇ ಹೊರತು ವಾಸಿಮಾಡುತ್ತಿರಲಿಲ್ಲ. ಒಕ್ಕಣೆಯ ಯಂತ್ರ ಬಂದು ಕಣ ಮೌನವಾದುದಕ್ಕೆ ಜಾನಪದ ವಿದ್ವಾಂಸರು ಮರುಗಿದಷ್ಟು ರೈತರು ಮರುಗಿದಂತೆ ಕಾಣಲಿಲ್ಲ. ಒಂಟಿಯಾಗಿ ಕಾಫಿ ತೋಟ ಕಾಯುವವನಿಗೆ ಜೇಬಿನ ಹಾಡು ದೊಡ್ಡ ಆಸರೆ. ನನ್ನ ತಕರಾರು ಬೇರೆಯದು.

ಕ್ಯಾಸೆಟ್ ಅಗ್ಗವಾದಾಗ ಕಣದ, ಗದ್ದೆಯ ಹಾಡುಗಳು ಸಹ ಆಲ್ಬಮ್ಮುಗಳಾಗಿ ಬಂದವು. ಹೊದಿಕೆಯ ಮೇಲೆ ಗಾಯಕರ ಚಿತ್ರ, ಸಂಗೀತ ಸಂಯೋಜಕರ ಹೆಸರು, ಕಂಪನಿಯ ಮುದ್ರೆ ಎಲ್ಲವೂ ಇರುತ್ತಿದ್ದವು. ಸಾಹಿತ್ಯ ಎಂಬುದರ ಎದುರಿಗೆ ಮಾತ್ರ ‘ಜನಪದ’ ಎಂದಿರುತ್ತಿತ್ತು. ಜನಪದಕ್ಕೆ ಮನೆಯಿಲ್ಲ, ವಿಳಾಸವಿಲ್ಲ. ಗೌರವಧನ ಕಳುಹಿಸಬೇಕೆಂದರೂ ಕಳುಹಿಸುವುದು ಯಾರಿಗೆ? ಹಾಡು ಎಲ್ಲರದಾದುದರಿಂದ ಹೀಗೆ ಬರೆಯುವುದು ಅನಿವಾರ್ಯವೆಂದು ಹೇಳುವುದುಂಟು. ಭಾಗಶಃ ನಿಜ. ಆದರೆ ಅದನ್ನು ತನ್ನ ಅಜ್ಜಿಯಿಂದ ಕಲಿತು, ನಾಲ್ಕು ಸಾಲು ತಾನೇ ಸೇರಿಸಿ, ಸಂಗ್ರಾಹಕನ ಟೇಪಿಗೆ ಹಾಡಿಕೊಟ್ಟ ಹೆಂಗಸಿಗೆ ಹೆಸರು ಇದ್ದೇ ಇತ್ತಲ್ಲವೇ?

ಹೆಸರು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಮಿಸಿಸಿಪ್ಪಿಯ ಒಂದು ಪ್ರಸಂಗವನ್ನು ಹೇಳುತ್ತೇನೆ. 1959ರಲ್ಲಿ ಅದೇ ಲೋಮ್ಯಾಕ್ಸ್ ಆ ರಾಜ್ಯದ ಪಾರ್ಚ್‌ಮನ್ ಎಂಬ ಸೆರೆಮನೆಗೆ ಹೋದರು. ಅಲ್ಲಿಯ ಕೈದಿಗಳು ಬಿಸಿಲಿನಲ್ಲಿ ಕೊಡಲಿ ಬೀಸಿ ಮರ ಕಡಿಯುತ್ತಾ, ಏಟಿಗೆ ಸರಿಯಾಗಿ ಹಾಡುತ್ತಿದ್ದರು. ಮುಂದಾಳಾಗಿ ಹಾಡಿದವನ ಹೆಸರು ಜೇಮ್ಸ್ ಕಾರ್ಟರ್. ಲೋಮ್ಯಾಕ್ಸ್ ಹಾಡನ್ನೂ ಹೆಸರನ್ನೂ ದಾಖಲಿಸಿಕೊಂಡರು. ಕಾರ್ಟರ್ ಬಿಡುಗಡೆ ಹೊಂದಿ ಷಿಕಾಗೋದಲ್ಲಿ ನೆಲೆಸಿ, ಆ ಹಾಡನ್ನೇ ಮರೆತುಬಿಟ್ಟ. 2000ನೇ ಇಸವಿಯಲ್ಲಿ ಕೋಯೆನ್ ಸಹೋದರರ ಚಲನಚಿತ್ರವೊಂದರ ಆರಂಭಕ್ಕೆ ಆ ಹಳೆಯ ಧ್ವನಿಮುದ್ರಣ ಬಳಕೆಯಾಯಿತು; ಚಿತ್ರದ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಗಿ, 2002ರಲ್ಲಿ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಲೋಮ್ಯಾಕ್ಸ್ ಸಂಗ್ರಹದವರು ಆ ಹೆಸರನ್ನು ಹಿಡಿದುಕೊಂಡು ಹುಡುಕಾಟ ನಡೆಸಿದರು. ಕೊನೆಗೆ ಷಿಕಾಗೋದ ಮನೆಯೊಂದರ ಬಾಗಿಲು ತಟ್ಟಿ, 76 ವರ್ಷದ ಕಾರ್ಟರ್ ಅವರ ಕೈಗೆ 20,000 ಡಾಲರುಗಳ ಚೆಕ್ಕನ್ನು ಇಟ್ಟರು. ಪ್ರಶಸ್ತಿ ಸಮಾರಂಭದ ದಿನ ಅವರು ಕುಟುಂಬದೊಡನೆ ಲಾಸ್ ಏಂಜಲಿಸ್‌ನ ಸಭಾಂಗಣದಲ್ಲಿ ಕುಳಿತಿದ್ದರು.