ದೂರದಿಂದ ನಡೆಸಿದ ಸಂಘದ ವಿಚಾರಣೆ



ಮಾಡಿ ನೋಡುವುದು, ತಪ್ಪಿದರೆ ತಿದ್ದಿಕೊಂಡು ಮತ್ತೆ ಮಾಡುವುದು ಒಕ್ಕಲುತನದ ರೂಢಿ. ಕರ್ಟ್ ಲೆವಿನ್ ಎಂಬ ವಿದ್ವಾಂಸರು 1946ರಲ್ಲಿ ಇದನ್ನೇ 'ಕ್ರಿಯಾ ಸಂಶೋಧನೆ' ಎಂದು ಬರೆದರು. ನಮ್ಮ ಭಾಗದಲ್ಲೂ ಉದಾಹರಣೆ ಇದೆ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ದೇಶದ ಐದು ಪ್ರಾಯೋಗಿಕ ಸಂಘಗಳಲ್ಲಿ ಒಂದು. ಸಲಹೆ ದೂರದ ಅಮೇರಿಕದ ವಿದ್ಯುತ್ ಸಹಕಾರಿಗಳದ್ದು. ಮಾಡಿ ನೋಡಿದವರು ನಮ್ಮ ರೈತರು.

ಗೋಕಾಕ-ಮೂಡಲಗಿ ಹಾದಿಯ ನಮ್ಮ ಸಣ್ಣ ಸಂಘಕ್ಕೂ 2020ರ ಲಾಕ್‌ಡೌನಿನಲ್ಲಿ ಅಂಥದೇ ಪರೀಕ್ಷೆ ಬಂತು. ಸಭೆ ಸೇರುವಂತಿಲ್ಲ, ಮುಂಗಾರು ಹತ್ತಿರ. ಗೊಬ್ಬರ ಹಂಚೋದು ಹ್ಯಾಂಗ? ನಿರ್ದೇಶಕರಾದ ನಾವು ಓಣಿ ಹಂಚಿಕೊಂಡು ಶೇರುದಾರರನ್ನು ಫೋನಿನಲ್ಲೇ ಕೇಳಿದೆವು. ಅವರು ಹೇಳಿದಂತೆ ಓಣಿಗೊಂದು ದಿನ ಗೊತ್ತುಮಾಡಿದೆವು. ವಾರದ ಮೇಲೆ ಮತ್ತೆ ಕೇಳಿದರೆ ಎಲ್ಲರೂ "ಚಲೋ ಆತ್ರಿ" ಅಂದರು. ನಾವೂ ಹಿಗ್ಗಿದೆವು.

ಆದರೆ ಸೆಕ್ರೆಟರಿ ವಹಿ ತೆರೆದು ತೋರಿಸಿದಾಗ ತಲೆ ತಗ್ಗಿತು. ಫೋನಿಲ್ಲದ ವಿಧವೆಯರು, ತೋಟದ ಮನೆಯ ಮುದುಕರು ಒಂದು ಚೀಲವನ್ನೂ ಒಯ್ದಿರಲಿಲ್ಲ. ನಾವು ಕೇಳಿದ್ದು ಫೋನ್ ಎತ್ತಿದವರನ್ನಷ್ಟೇ! ಕೂಡಲೇ ನೆರೆಯವರ ಕೈಲಿ ಸುದ್ದಿ ಮುಟ್ಟಿಸಿ, ಅವರಿಗೊಂದು ದಿನ ಬೇರೆ ಇಟ್ಟು, ಗಾಡಿ ಕಳಿಸಿ ಕರೆಸಿ ಗೊಬ್ಬರ ಕೊಟ್ಟೆವು. ಅಂದಿನಿಂದ ಏನೇ ವಿಚಾರಿಸಿದರೂ ಉತ್ತರ ಬಾರದವರ ಪಟ್ಟಿಯನ್ನೇ ಮೊದಲು ಓದುತ್ತೇವೆ.

ದೂರ ಕುಳಿತು ಸಂಘ ನಡೆಸಬಹುದು. ದೂರ ಉಳಿದವರನ್ನು ಮರೆತು ನಡೆಸಲಾಗದು. ಮುಂದಿನ ಆಡಳಿತ ಮಂಡಳಿಯೂ ಇದನ್ನು ಮರೆಯದಿರಲಿ.

ಜೈ ಸಹಕಾರ.