ಕಾರು ವಿಮೆ: ಗಡಿಯೂರಿನ ಸದಸ್ಯರಿಗೆ ಮಾಹಿತಿ



ಕಾರಿನ ವಿಮೆ ಪಾಲಿಸಿ ಹಿಡಿದು ಸಂಘದ ಕಚೇರಿಗೆ ಬರುವವರು ಸಾಮಾನ್ಯವಾಗಿ ಎರಡು ಹೊತ್ತಿನಲ್ಲಿ ಬರುತ್ತಾರೆ. ಒಂದು, ನವೀಕರಣದ ಕೊನೆಯ ದಿನ. ಇನ್ನೊಂದು, ಅಪಘಾತ ಆದ ಮೇಲೆ. ಪಾಲಿಸಿ ಓದಲು ಎರಡೂ ಒಳ್ಳೆಯ ಹೊತ್ತಲ್ಲ. ಕಾಗದ ಇಂಗ್ಲಿಷಿನಲ್ಲಿರುತ್ತದೆ, ಏಜೆಂಟರು ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ವಿವರಿಸುತ್ತಾರೆ, ನಾವು ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡು ಸಹಿ ಹಾಕುತ್ತೇವೆ. ಅರ್ಜಿಯ ಕೊನೆಯಲ್ಲಿ "ಇದರ ವಿಷಯವನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ" ಎಂಬರ್ಥದ ಒಂದು ಸಾಲು ಇರುವುದುಂಟು. ವಿವರಿಸದೆ ಇದ್ದರೆ ಆ ಸಾಲಿನ ಕೆಳಗೆ ಸಹಿ ಹಾಕಬೇಡಿ. ಮುಂದೆ ತಕರಾರು ಬಂದಾಗ ಅದೇ ಸಹಿಯನ್ನು ಕಂಪನಿಯವರು ಮುಂದಿಡುತ್ತಾರೆ.

ಮೂರು ಬಗೆಯ ಪಾಲಿಸಿ

ಮೋಟಾರು ವಾಹನ ಕಾಯ್ದೆ 1988ರ 146ನೇ ಕಲಮಿನಂತೆ ಮೂರನೆಯವರ ವಿಮೆ, ಅಂದರೆ ಥರ್ಡ್ ಪಾರ್ಟಿ ವಿಮೆ, ಕಡ್ಡಾಯ. ಅದಿಲ್ಲದೆ ಗಾಡಿ ಓಡಿಸಿದರೆ ಮೊದಲ ಸಲ 2000 ರೂ. ದಂಡ ಅಥವಾ 3 ತಿಂಗಳವರೆಗಿನ ಸೆರೆ ಅಥವಾ ಎರಡೂ; ಮತ್ತೆ ಸಿಕ್ಕಿಬಿದ್ದರೆ ದಂಡ 4000 ರೂ. ಆದರೆ ದಂಡ ಇಲ್ಲಿ ದೊಡ್ಡ ಮಾತಲ್ಲ. ವಿಮೆ ಇಲ್ಲದ ಕಾರು ಒಬ್ಬ ಪಾದಚಾರಿಗೆ ಬಡಿದರೆ ನ್ಯಾಯಮಂಡಳಿ ಹೇಳಿದ ಪರಿಹಾರವನ್ನೆಲ್ಲ ಮಾಲೀಕನೇ ಕಟ್ಟಬೇಕು. ಮನೆ, ಜಮೀನು ಮಾರಬೇಕಾದೀತು.

ಈ ಥರ್ಡ್ ಪಾರ್ಟಿ ವಿಮೆಯಲ್ಲಿ ಹೊರಗಿನವರ ಸಾವು, ಗಾಯಗಳಿಗೆ ಮೊತ್ತದ ಮಿತಿ ಇಲ್ಲ. ಅವರ ಆಸ್ತಿಗೆ ಆದ ನಷ್ಟಕ್ಕೆ ಖಾಸಗಿ ಕಾರಿನಲ್ಲಿ 7.5 ಲಕ್ಷ ರೂ.ವರೆಗೆ ರಕ್ಷಣೆ. ನಮ್ಮ ಕಾರಿಗೆ ಆದ ಹಾನಿಗೆ ಒಂದು ಪೈಸೆಯೂ ಇಲ್ಲ. ಎರಡನೆಯದು ಸ್ವಂತ ಹಾನಿಯ ವಿಮೆ: ಅಪಘಾತ, ಬೆಂಕಿ, ಕಳವು, ನೆರೆ, ಬಿರುಗಾಳಿ, ಗುಡ್ಡ ಕುಸಿತ, ಗಲಭೆ ಇವುಗಳಿಂದ ನಮ್ಮ ಕಾರಿಗೆ ಆಗುವ ನಷ್ಟಕ್ಕೆ. ಎರಡನ್ನೂ ಸೇರಿಸಿದ್ದು ಪ್ಯಾಕೇಜ್ ಪಾಲಿಸಿ. ಜನ ಫುಲ್ ಇನ್ಶೂರೆನ್ಸ್ ಎನ್ನುವುದು ಇದಕ್ಕೇ.

ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರುವ ಖಾಸಗಿ ಕಾರಿನೊಳಗೆ ಕುಳಿತ ನಮ್ಮ ಹೆಂಡತಿ, ಮಕ್ಕಳು, ನೆಂಟರು "ಮೂರನೆಯವರು" ಎನಿಸಿಕೊಳ್ಳುವುದಿಲ್ಲ. ಸುಪ್ರೀಂ ಕೋರ್ಟಿನ ತೀರ್ಪುಗಳು ಇದನ್ನು ಸ್ಪಷ್ಟ ಮಾಡಿವೆ. ಪ್ಯಾಕೇಜ್ ಪಾಲಿಸಿ ಇದ್ದರೆ ಒಳಗಿನವರಿಗೂ ಪರಿಹಾರ ಸಿಗುತ್ತದೆ ಎಂದು 2012ರಲ್ಲಿ ಅದೇ ನ್ಯಾಯಾಲಯ ಹೇಳಿದೆ. ಹತ್ತು ವರ್ಷದ ಹಳೆಯ ಕಾರಿಗೆ ಪ್ಯಾಕೇಜ್ ಯಾಕೆ ಎಂದು ಕೇಳುವ ಸದಸ್ಯರಿದ್ದಾರೆ. ಕಾರಿಗಾಗಿ ಬೇಡದಿರಬಹುದು. ಆದರೆ ಅದೇ ಕಾರಿನಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮಂತ್ರಾಲಯಕ್ಕೋ ಧರ್ಮಸ್ಥಳಕ್ಕೋ ಹೋಗುವವರಾದರೆ ಪ್ಯಾಕೇಜೇ ಇರಲಿ ಎಂಬುದು ನಮ್ಮ ಅಭಿಪ್ರಾಯ. ಪ್ರಯಾಣಿಕರ ವೈಯಕ್ತಿಕ ಅಪಘಾತ ವಿಮೆಯನ್ನೂ ಸಣ್ಣ ಮೊತ್ತಕ್ಕೆ ಸೇರಿಸಿಕೊಳ್ಳಬಹುದು.

ಹೊಸ ಕಾರು ಕೊಂಡವರಿಗೆ ಇನ್ನೊಂದು ಎಚ್ಚರಿಕೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ 3 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕು. ಸ್ವಂತ ಹಾನಿಯ ಭಾಗ ಸಾಮಾನ್ಯವಾಗಿ ಒಂದೇ ವರ್ಷದ್ದು. "ಮೂರು ವರ್ಷಕ್ಕೆ ಕಟ್ಟಿದ್ದೇವಲ್ಲ" ಎಂದು ಸುಮ್ಮನಿದ್ದವರ ಸ್ವಂತ ಹಾನಿಯ ವಿಮೆ ಎರಡನೆಯ ವರ್ಷದ ಮೊದಲ ದಿನವೇ ತೀರಿಹೋಗಿರುತ್ತದೆ. ಪಾಲಿಸಿಯ ಮೊದಲ ಪುಟದಲ್ಲಿ ಎರಡು ಬೇರೆ ಬೇರೆ ಅವಧಿ ಅಚ್ಚಾಗಿರುತ್ತದೆ, ನೋಡಿಕೊಳ್ಳಿ. ಎರಡನೆಯ ವರ್ಷ ಸ್ವಂತ ಹಾನಿಯ ವಿಮೆಯನ್ನಷ್ಟೇ ಬೇರೆ ಕಂಪನಿಯಲ್ಲೂ ಕೊಳ್ಳಬಹುದು.

ಕಂತಿನ ಲೆಕ್ಕ

ಥರ್ಡ್ ಪಾರ್ಟಿ ಕಂತನ್ನು ಕೇಂದ್ರ ಸರ್ಕಾರ ನಿಗದಿ ಮಾಡುತ್ತದೆ. ಎಲ್ಲ ಕಂಪನಿಯಲ್ಲೂ, ಎಲ್ಲ ರಾಜ್ಯದಲ್ಲೂ ಒಂದೇ. 2022ರ ಜೂನ್ 1ರಿಂದ ಜಾರಿಯಾದ ದರದಂತೆ 1000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2094 ರೂ., 1000ದಿಂದ 1500 ಸಿ.ಸಿ.ವರೆಗೆ 3416 ರೂ., ಅದಕ್ಕೂ ಮೇಲೆ 7897 ರೂ. ಮೇಲೆ ಶೇ. 18 ಜಿ.ಎಸ್.ಟಿ. ಇದರಲ್ಲಿ ರಿಯಾಯಿತಿ ಕೊಡಿಸುತ್ತೇನೆ ಎನ್ನುವ ಏಜೆಂಟರನ್ನು ನಂಬಬೇಡಿ.

ಸ್ವಂತ ಹಾನಿಯ ಕಂತು ಕಂಪನಿಯಿಂದ ಕಂಪನಿಗೆ ಬೇರೆ. ವಿಚಾರಿಸಿ ಕೊಳ್ಳಬೇಕಾದದ್ದು ಇದನ್ನೇ. ಇದು ಕಾರಿನ ವಿಮಾ ಮೌಲ್ಯದ ಮೇಲೆ ನಿಂತಿದೆ; ಪಾಲಿಸಿಯಲ್ಲಿ ಐ.ಡಿ.ವಿ. ಎಂದು ಬರೆದಿರುತ್ತದೆ. ಹೊಸ ಬೆಲೆಯಿಂದ ಮೊದಲ 6 ತಿಂಗಳಿಗೆ ಶೇ. 5, ವರ್ಷದೊಳಗೆ ಶೇ. 15, 2 ವರ್ಷದೊಳಗೆ ಶೇ. 20, 3ಕ್ಕೆ 30, 4ಕ್ಕೆ 40, 5ಕ್ಕೆ 50 ಹೀಗೆ ಕಳೆಯುತ್ತಾರೆ. ಐದು ವರ್ಷ ದಾಟಿದ ಕಾರಿಗೆ ಮಾಲೀಕರೂ ಕಂಪನಿಯೂ ಒಪ್ಪಿದ ಮೌಲ್ಯ. ಕಾರು ಕಳವಾದರೆ ಅಥವಾ ರಿಪೇರಿ ಖರ್ಚು ಈ ಮೌಲ್ಯದ ಶೇ. 75 ಮೀರಿದರೆ ಸಿಗುವ ಹಣಕ್ಕೆ ಇದೇ ಆಧಾರ. ಕಡಿಮೆ ಕಂತು ತೋರಿಸುವ ಸುಲಭದ ದಾರಿ ಎಂದರೆ ಐ.ಡಿ.ವಿ. ಇಳಿಸುವುದು. ಆದ್ದರಿಂದ ಮೂರು ಕಡೆ ದರ ಕೇಳುವಾಗ ಒಂದೇ ಐ.ಡಿ.ವಿ., ಅವೇ ಹೆಚ್ಚುವರಿ ರಕ್ಷಣೆಗಳು ಎಂದು ಹೇಳಿಯೇ ಕೇಳಿ. ಇಲ್ಲದಿದ್ದರೆ ಮಾವಿನಕಾಯಿಗೂ ಹಲಸಿಗೂ ಬೆಲೆ ಹೋಲಿಸಿದ ಹಾಗೆ.

ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಎನ್.ಸಿ.ಬಿ. ಮೊದಲ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೆಯ ವರ್ಷದಿಂದ 50. ಇದು ಸ್ವಂತ ಹಾನಿಯ ಕಂತಿಗೆ ಮಾತ್ರ. ಗುಮಾಸ್ತರ ಅಭ್ಯಾಸದಂತೆ ಒಂದು ಲೆಕ್ಕ ಹಾಕಿ ತೋರಿಸುತ್ತೇವೆ. 1200 ಸಿ.ಸಿ. ಕಾರು, ಸ್ವಂತ ಹಾನಿಯ ಕಂತು 9000 ರೂ. ಎಂದಿಟ್ಟುಕೊಳ್ಳಿ. ಶೇ. 50 ಎನ್.ಸಿ.ಬಿ. ಕಳೆದರೆ 4500. ಥರ್ಡ್ ಪಾರ್ಟಿ 3416. ಸೇರಿ 7916. ಜಿ.ಎಸ್.ಟಿ. 1425. ಒಟ್ಟು 9341 ರೂ. ಈಗ ಬಾಗಿಲಿಗೆ ಗೀರು ಬಿತ್ತೆಂದು 6000 ರೂ. ಕ್ಲೇಮು ಮಾಡಿದಿರಿ ಎನ್ನೋಣ. ಮುಂದಿನ ವರ್ಷ ಎನ್.ಸಿ.ಬಿ. ಸೊನ್ನೆ, 4500 ಹೋಯಿತು. ಅದರ ಮರುವರ್ಷ 2700, ಆಮೇಲೆ 2250, 1350, 450. ಕಂತು ಹಾಗೇ ಇದೆ ಎಂದು ಹಿಡಿದರೆ ಮತ್ತೆ ಶೇ. 50ಕ್ಕೆ ಬರುವಷ್ಟರಲ್ಲಿ ಕೈಬಿಟ್ಟದ್ದು 11,250 ರೂ., ತೆರಿಗೆ ಬೇರೆ. ಸಣ್ಣ ರಿಪೇರಿಗೆ ಕ್ಲೇಮು ಮಾಡುವ ಮುನ್ನ ಕಾಗದ ಪೆನ್ಸಿಲು ತೆಗೆದುಕೊಳ್ಳಿ.

ಎನ್.ಸಿ.ಬಿ. ಮಾಲೀಕರದ್ದು, ಕಾರಿನದ್ದಲ್ಲ. ಹಳೆಯ ಕಾರು ಮಾರಿದಾಗ ಕಂಪನಿಯಿಂದ ಎನ್.ಸಿ.ಬಿ. ಪತ್ರ ಪಡೆದರೆ 3 ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಪಾಲಿಸಿ ತೀರಿ 90 ದಿನ ದಾಟಿದರೆ ಅಷ್ಟೂ ಹೋಗುತ್ತದೆ.

ಕ್ಲೇಮಿನ ಹಣ ಯಾಕೆ ಕಡಿಮೆ ಬರುತ್ತದೆ

ಪ್ಯಾಕೇಜ್ ಇದ್ದರೂ ಪೂರ್ತಿ ಬಿಲ್ಲು ಸಿಗುವುದಿಲ್ಲ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರುಗಳಿಗೆ ಶೇ. 50 ಸವಕಳಿ ಕಳೆಯುತ್ತಾರೆ. ಲೋಹದ ಭಾಗಗಳಿಗೆ ಕಾರಿನ ವಯಸ್ಸಿನಂತೆ. ಗಾಜಿಗೆ ಮಾತ್ರ ಕಡಿತವಿಲ್ಲ. ಮೇಲೆ ಪ್ರತಿ ಕ್ಲೇಮಿಗೂ ಕಡ್ಡಾಯ ಕಡಿತ, 1500 ಸಿ.ಸಿ.ವರೆಗೆ 1000 ರೂ., ಅದಕ್ಕಿಂತ ದೊಡ್ಡ ಕಾರಿಗೆ 2000 ರೂ. 12,000 ರೂ. ಬಂಪರಿಗೆ ನಿಮ್ಮ ಕೈಗೆ ಬರುವುದು 5000. ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆ ಇದ್ದರೆ 11,000. ಐದು ವರ್ಷದೊಳಗಿನ ಕಾರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲ.

ಕಾಸರಗೋಡು, ವಯನಾಡಿನ ಸದಸ್ಯರು ಎಂಜಿನ್ ರಕ್ಷಣೆಯನ್ನೂ ನೋಡಿ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಸಾದಾ ಪಾಲಿಸಿಯಲ್ಲಿ ತಕರಾರು ಖಚಿತ. ಮಳೆಗಾಲದಲ್ಲಿ ಕಾರು ಮುಳುಗಿದರೆ ಕೀಲಿ ತಿರುಗಿಸದೆ ಎಳೆಸಿಕೊಂಡು ಹೋಗಿ. ತಾಳವಾಡಿ, ನೀಲಗಿರಿಯವರು ಕೇಳುವ ಪ್ರಶ್ನೆ: ದಿಂಬಂ ಘಾಟಿಯಲ್ಲಿ ಆನೆ ಕಾರನ್ನು ಜಜ್ಜಿದರೆ? ಸ್ವಂತ ಹಾನಿಯ ವಿಮೆಯಲ್ಲಿ ಅದು ಹೊರಗಿನಿಂದಾದ ಆಕಸ್ಮಿಕ, ಸಿಗುತ್ತದೆ. ಫೋಟೋ ತೆಗೆದಿಡಿ, ಆನೆ ಹೋದ ಮೇಲೆ. ಗಡಿ ಗಲಾಟೆಯ ದಿನಗಳಲ್ಲಿ ಪರರಾಜ್ಯದ ಫಲಕ ನೋಡಿ ಯಾರೋ ಕಲ್ಲು ಹೊಡೆದದ್ದಕ್ಕೂ ಇದೇ ವಿಮೆ. ಪೊಲೀಸ್ ದೂರು ಬೇಕು.

ಪೂರ್ತಿ ಕೈಕೊಡುವುದು ಮೂರು ಕಾರಣಕ್ಕೆ. ಕುಡಿದು ಓಡಿಸುವುದು ಒಂದು. ಲೈಸೆನ್ಸ್ ತೀರಿರುವುದು ಇನ್ನೊಂದು. 55 ದಾಟಿದ ನಮ್ಮಂಥವರಿಗೆ ಅದು 5 ವರ್ಷಕ್ಕೊಮ್ಮೆ ನವೀಕರಣ, ನಮ್ಮಲ್ಲಿ ಹಲವರು ದಿನಾಂಕವನ್ನೇ ನೋಡಿರುವುದಿಲ್ಲ. ಮೂರನೆಯದು ಬಿಳಿ ಫಲಕದ ಕಾರನ್ನು ಬಾಡಿಗೆಗೆ ಓಡಿಸುವುದು. ಅಕ್ಕಲಕೋಟೆಯಿಂದ ಗಾಣಗಾಪುರಕ್ಕೆ, ಆದೋನಿಯಿಂದ ಮಂತ್ರಾಲಯಕ್ಕೆ ಡೀಸೆಲ್ ಹಣ ಮತ್ತು "ಸ್ವಲ್ಪ ಮೇಲೆ" ಎಂದು ಜನ ಕರೆದೊಯ್ಯುವುದು ಎಲ್ಲ ಊರಲ್ಲೂ ಇದೆ. ಬಾಡಿಗೆ ಎಂದು ಸಾಬೀತಾದರೆ ಸ್ವಂತ ಹಾನಿ ಸಿಗುವುದಿಲ್ಲ. ಹೊರಗಿನವರಿಗೆ ಕೊಟ್ಟ ಪರಿಹಾರವನ್ನೂ ಕಂಪನಿ ಮಾಲೀಕನಿಂದ ವಸೂಲು ಮಾಡಬಹುದು. ಗ್ಯಾಸ್ ಕಿಟ್ ಹಾಕಿಸಿದವರು ಆರ್.ಸಿ.ಯಲ್ಲೂ ಪಾಲಿಸಿಯಲ್ಲೂ ಬರೆಸಿರಬೇಕು.

ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ 15 ಲಕ್ಷ ರೂ. ಕಡ್ಡಾಯ. ಅಷ್ಟೇ ಮೊತ್ತದ ಬೇರೆ ಅಪಘಾತ ವಿಮೆ ಇದ್ದರೆ ಮತ್ತೆ ಕೊಳ್ಳಬೇಕಿಲ್ಲ. ಕಾರು ಲೈಸೆನ್ಸ್ ಇಲ್ಲದ ಮನೆಯೊಡತಿಯ ಹೆಸರಿನಲ್ಲಿದ್ದರೆ ಈ ರಕ್ಷಣೆ ಅನ್ವಯಿಸುವುದೇ ಇಲ್ಲ. ಆದರೂ ಅದರ ಕಂತು ಹಿಡಿದಿದ್ದರೆ ಕೇಳಿ ತೆಗೆಸಿ.

ಗಡಿ ದಾಟಿದರೆ ಏನು

ಪಾಲಿಸಿ ಭಾರತದಾದ್ಯಂತ ನಡೆಯುತ್ತದೆ. ತಲಪಾಡಿ ದಾಟಿದರೂ, ಅತ್ತಿಬೆಲೆ ದಾಟಿದರೂ ಬೇರೆ ವಿಮೆ ಬೇಡ. ಡಿಜಿಲಾಕರ್, ಎಂ-ಪರಿವಾಹನ್ ಆ್ಯಪ್‌ಗಳಲ್ಲಿ ತೋರಿಸಿದ ದಾಖಲೆ ಯಾವ ರಾಜ್ಯದ ಪೊಲೀಸರ ಮುಂದೆಯೂ ಸಾಕು.

ನೋಂದಣಿಯ ಊರು ಕಂತನ್ನು ಬದಲಿಸುತ್ತದೆ. ಬೆಂಗಳೂರು, ಚೆನ್ನೈ, ಹೈದರಾಬಾದ್, ಮುಂಬಯಿ, ಪುಣೆ ಸೇರಿ 8 ಮಹಾನಗರಗಳು 'ಎ' ವಲಯ, ಉಳಿದ ದೇಶವೆಲ್ಲ 'ಬಿ' ವಲಯ. 'ಎ' ವಲಯದ ದರ ಸ್ವಲ್ಪ ಹೆಚ್ಚು. ಹೊಸೂರಿನಲ್ಲೇ ಓಡುವ ಕಾರನ್ನು ಬೆಂಗಳೂರಿನಲ್ಲಿ ನೋಂದಾಯಿಸಿದರೆ ಬೆಂಗಳೂರಿನ ದರವೇ. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಅಲ್ಲಿಯ ಸಂಖ್ಯೆ ಪಡೆಯಬೇಕು ಎಂಬುದೂ ಕಾಯ್ದೆಯಲ್ಲಿದೆ. ಹೊಸ ಸಂಖ್ಯೆ, ಹೊಸ ವಿಳಾಸ ಬಂದ ಕೂಡಲೇ ಪಾಲಿಸಿಯಲ್ಲಿ ತಿದ್ದಿಸಿ.

ಗಡಿಯಾಚೆ ಹಳೆಯ ಕಾರು ಕೊಳ್ಳುವವರು ವಿಮೆಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ಭಾಗ ತಾನಾಗಿ ವರ್ಗವಾಗುತ್ತದೆ, ಸ್ವಂತ ಹಾನಿಯದ್ದು ಆಗುವುದಿಲ್ಲ. ಮಾರಿದವರೂ ಆರ್.ಸಿ. ಬದಲಾಗುವವರೆಗೆ ಬಿಡಬೇಡಿ, ದಾಖಲೆಯಲ್ಲಿ ನಿಮ್ಮ ಹೆಸರಿರುವವರೆಗೆ ನ್ಯಾಯಮಂಡಳಿಯ ನೋಟಿಸು ನಿಮಗೇ ಬರುತ್ತದೆ.

ಇನ್ನೊಂದು ರಾಜ್ಯದಲ್ಲಿ ಅಪಘಾತವಾದರೆ ಪರಿಹಾರಕ್ಕಾಗಿ ಅಲ್ಲಿಗೇ ಅಲೆಯಬೇಕಿಲ್ಲ. ಅಪಘಾತವಾದ ಸ್ಥಳ, ಅರ್ಜಿದಾರರು ವಾಸಿಸುವ ಸ್ಥಳ, ಎದುರುದಾರರು ವಾಸಿಸುವ ಸ್ಥಳ, ಈ ಮೂರರಲ್ಲಿ ಎಲ್ಲಿಯ ನ್ಯಾಯಮಂಡಳಿಗಾದರೂ ಅರ್ಜಿ ಹಾಕಬಹುದು. ಮಂಗಳೂರಿನಲ್ಲಿ ಗಾಯಗೊಂಡವರು ಕಾಸರಗೋಡಿನಲ್ಲಿ ಹಾಕಬಹುದು. 2019ರ ತಿದ್ದುಪಡಿಯಂತೆ 6 ತಿಂಗಳೊಳಗೆ ಹಾಕಬೇಕು ಎಂದಿದೆ. ಗಾಯ ಮಾಯಲಿ ಎಂದು ಕಾಯಬೇಡಿ.

ಕೊಳ್ಳುವಾಗ, ದೂರುವಾಗ

ಷೋರೂಮಿನಲ್ಲೇ ವಿಮೆ ಮಾಡಿಸಬೇಕೆಂಬ ನಿಯಮವಿಲ್ಲ. ಕಂಪನಿ ಯಾವುದೇ ಇರಲಿ, ನಗದುರಹಿತ ರಿಪೇರಿಯ ಗ್ಯಾರೇಜು ನಿಮ್ಮ ಊರಿನ ಹತ್ತಿರ ಎಲ್ಲಿದೆ ಎಂದು ಕೇಳಿ. ಮಡಕಶಿರಾದವರಿಗೆ ನೂರು ಕಿಲೋಮೀಟರ್ ಆಚೆಯ ಗ್ಯಾರೇಜಿನ ಪಟ್ಟಿ ಉಪಯೋಗವಿಲ್ಲ. ಹಣವನ್ನು ಕಂಪನಿಯ ಹೆಸರಿಗೇ ಕಟ್ಟಿ, ಏಜೆಂಟರ ಸ್ವಂತ ಖಾತೆಗೆ ಬೇಡ. ನಕಲಿ ಪಾಲಿಸಿಗಳು ಹೀಗೆಯೇ ಹುಟ್ಟುವುದು. ಕೆಲವು ದಿನಗಳಲ್ಲಿ ಎಂ-ಪರಿವಾಹನ್‌ನಲ್ಲಿ ನಿಮ್ಮ ಗಾಡಿಯ ಮುಂದೆ ವಿಮೆಯ ದಿನಾಂಕ ಬಂದಿದೆಯೇ ನೋಡಿ.

ಕ್ಲೇಮು ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರಿಲ್ಲ, ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಕೊಡಬೇಕು. ಕೇರಳದವರಿಗೆ ಕೊಚ್ಚಿ, ತಮಿಳುನಾಡಿಗೆ ಚೆನ್ನೈ, ಆಂಧ್ರ-ತೆಲಂಗಾಣಕ್ಕೆ ಹೈದರಾಬಾದ್, ಸೊಲ್ಲಾಪುರ-ಜತ್ತಕ್ಕೂ ಗೋವಾಕ್ಕೂ ಪುಣೆ. ಆದರೆ ದೂರುದಾರರ ವಾಸಸ್ಥಳವಷ್ಟೇ ಅಲ್ಲ, ಪಾಲಿಸಿ ಕೊಟ್ಟ ಶಾಖೆಯ ಸ್ಥಳವೂ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕದ ಶಾಖೆಯಲ್ಲಿ ಪಾಲಿಸಿ ಮಾಡಿಸಿದವರು ಬೆಂಗಳೂರಿನ ಓಂಬುಡ್ಸ್‌ಮನ್ನರ ಮುಂದೆ ಹೋಗಬಹುದು. ವಿಮಾ ಪ್ರಾಧಿಕಾರದ ಸಹಾಯವಾಣಿ 155255.

ಪಾಲಿಸಿ ಅರ್ಥವಾಗದವರು ನವೀಕರಣಕ್ಕೆ ಒಂದು ತಿಂಗಳಿರುವಾಗ ಅದರ ಪ್ರತಿಯನ್ನು ಸಂಘದ ಕಚೇರಿಗೆ ತನ್ನಿ. ಕೂತು ಕನ್ನಡದಲ್ಲಿ ಓದಿ ಹೇಳುತ್ತೇವೆ. ಆರ್.ಸಿ.ಯ ಪ್ರತಿಯೂ ಜೊತೆಗಿರಲಿ.